ಒಂದೇ ಮನೆಯ ಎರಡು ಹಾಲ್ ಟಿಕೆಟ್

ಅಣ್ಣ ಫೇಲಾಗಿ ತಂಗಿಯ ತರಗತಿಗೇ ಬಂದು ಕೂತ ವರ್ಷ ಆ ಮನೆಯಲ್ಲಿ ಊಟದ ಹೊತ್ತಿಗೆ ಮಾತಿಗಿಂತ ತಟ್ಟೆಯ ಸದ್ದೇ ಹೆಚ್ಚಾಗಿ ಕೇಳುತ್ತಿತ್ತು.

ಅಣ್ಣನನ್ನು ಎಲ್ಲರೂ ರೇಡಿಯೋ ಅನ್ನುತ್ತಿದ್ದರು. ಹಲ್ಲುಜ್ಜುವಾಗಲೂ ಬಾಯಿ ಸುಮ್ಮನಿರದ ಹುಡುಗ. ತಂಗಿ ಚಿನ್ನಿ ಅವನಿಗಿಂತ ಒಂದು ವರ್ಷ ಚಿಕ್ಕವಳು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವಳು. ಅಪ್ಪನದು ರಸ್ತೆಯ ತಿರುವಿನಲ್ಲಿ ಎರಡು ಕುರ್ಚಿಯ ಸಲೂನು. ಅಮ್ಮನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ಮಧ್ಯಾಹ್ನದ ಪಾಳಿ. ಮನೆಯಲ್ಲೇ ಇರುವವಳು ಅಜ್ಜಿ, ಅಪ್ಪನ ತಾಯಿ. ಟೀವಿಯ ರಿಮೋಟು, ಮೊಟ್ಟೆಯ ಬುಟ್ಟಿ, ಎಲ್ಲರ ತಪ್ಪು ಒಪ್ಪು, ಮೂರೂ ಅವಳ ಸುಪರ್ದಿಯಲ್ಲಿದ್ದವು.

ಹೋದ ವರ್ಷದ ಫಲಿತಾಂಶದ ದಿನವನ್ನು ಯಾರೂ ಮರೆತಿರಲಿಲ್ಲ. ಅಂದು ಅಪ್ಪ ಬೆಳಿಗ್ಗೆಯೇ ಒಂದು ದೊಡ್ಡ ಡಬ್ಬಿ ಸಿಹಿ ತಂದು ಸಲೂನಿನ ಕನ್ನಡಿಯ ಮುಂದೆ ಇಟ್ಟಿದ್ದ. ಬಂದ ಗಿರಾಕಿಗೆಲ್ಲ, "ಇರಿ, ಇರಿ, ಮಗನ ರಿಸಲ್ಟು ಬರ್ಲಿ, ಬಾಯಿ ಸಿಹಿ ಮಾಡ್ಕೊಂಡೇ ಹೋಗಿ" ಎಂದು ಕೂರಿಸಿಕೊಂಡಿದ್ದ. ರೇಡಿಯೋ ಮೂರು ವಿಷಯಗಳಲ್ಲಿ ಫೇಲಾಗಿದ್ದ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಲ್ಲ" ಎಂದು ಅಮ್ಮ ಅಪ್ಪನ ಮೇಲೆ ಹರಿಹಾಯ್ದಳು. ಅಪ್ಪ ಮಗನ ಮೇಲೆ ಹರಿಹಾಯ್ದ. ಮಗ ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದ. ಕತ್ತಲಾಗುವ ಹೊತ್ತಿಗೆ ಚಿನ್ನಿಯೇ ಅವನನ್ನು ಬಸ್ ನಿಲ್ದಾಣದ ಕೊನೆಯ ಬೆಂಚಿನಲ್ಲಿ ಹುಡುಕಿ, ಕೈಹಿಡಿದು ಕರೆತಂದಳು.

ಈಗ ಇಬ್ಬರೂ ಒಂದೇ ಪರೀಕ್ಷೆಗೆ ಕೂರಬೇಕಿತ್ತು. ತಂಗಿ ಓದಿನಲ್ಲಿ ಚುರುಕು. ಅವಳು ಪಾಸಾಗಿ ಅಣ್ಣ ಮತ್ತೆ ಫೇಲಾದರೆ? ಈ ಪ್ರಶ್ನೆ ಎಲ್ಲರ ಗಂಟಲಲ್ಲೂ ಇತ್ತು. ಬಾಯಿಗೆ ಯಾರೂ ತಂದಿರಲಿಲ್ಲ. ತಂದವಳು ಅಮ್ಮ.

ಒಂದು ಭಾನುವಾರ ಊಟ ಮುಗಿಯುತ್ತಿದ್ದಂತೆ ಅವಳು, "ಯಾರೂ ಏಳಬೇಡಿ" ಎಂದಳು.

"ಕೈ ಒಣಗ್ತಿದೆ ಕಣೇ" ಎಂದ ಅಪ್ಪ.

"ಒಣಗ್ಲಿ. ಪರೀಕ್ಷೆ ಇನ್ನೂ ದೂರ ಇದೆ, ಈಗಲೇ ಮಾತಾಡ್ಕೊಂಡ್ಬಿಡೋಣ. ಹೋದ ವರ್ಷದ ಥರ ಆ ದಿನ ಮನೆ ಸಾವಿನ ಮನೆ ಆಗಬಾರದು."

"ಒಳ್ಳೇ ಮಾತಾಡು" ಎಂದು ಅಜ್ಜಿ ಗದರಿದಳು.

"ಒಳ್ಳೇದನ್ನೇ ಆಡ್ತಿದೀನಿ ಅತ್ತೆ. ಮೊದಲನೇದು, ಸಲೂನಲ್ಲಿ ಮಕ್ಕಳ ಪರೀಕ್ಷೆ ಸುದ್ದಿ ಎತ್ತೋ ಹಾಗಿಲ್ಲ."

ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ತಟ್ಟೆಯಲ್ಲಿ ಉಳಿದಿದ್ದ ಒಂದು ಅಗುಳನ್ನು ಬೆರಳಿನಿಂದ ಅತ್ತಿತ್ತ ಓಡಾಡಿಸಿದ. "ನಾನೆಲ್ಲಿ ಎತ್ತುತ್ತೀನಿ? ಅವರೇ ಕೇಳ್ತಾರೆ."

"ಕೇಳಿದ್ರೆ ಹವಾಮಾನದ ಬಗ್ಗೆ ಮಾತಾಡಿ."

"ಹವಾಮಾನದ ಬಗ್ಗೆ ಎಷ್ಟೂಂತ ಮಾತಾಡೋದು? ಒಂದು ಕಟಿಂಗಿಗೆ ಸಾಕಾಗಲ್ಲ."

"ಹಾಗಾದ್ರೆ ಕತ್ತರಿ ಜೋರಾಗಿ ಆಡಿಸಿ."

ರೇಡಿಯೋ ಕಿಸಕ್ಕನೆ ನಕ್ಕ. ಅಮ್ಮ ಅವನತ್ತ ತಿರುಗಿದಳು. "ನೀನು ನಗಬೇಡ. ಸಂಜೆ ಪಾತ್ರೆ ನಿಂದು, ಬೆಳಿಗ್ಗೆ ನೀರು ತುಂಬೋದು ಚಿನ್ನೀದು. ಕಿಟಕಿ ಹತ್ರದ ಮೇಜು ಸಂಜೆ ಇಬ್ಬರಿಗೂ ಬೇಕು. ಮಧ್ಯೆ ಗೆರೆ ಎಳ್ಕೊಂಡು ಜಗಳ ಆಡೋ ಹಾಗಿಲ್ಲ. ಅತ್ತೆ, ಟೀವಿ..."

"ಗೊತ್ತು, ಗೊತ್ತು. ನನ್ನ ಧಾರಾವಾಹಿ ಸೊಸೆ ಕೈಲಿ ಬಲಿ" ಎಂದಳು ಅಜ್ಜಿ.

"ಸದ್ದು ಕಮ್ಮಿ ಮಾಡಿ ನೋಡಿ ಅತ್ತೆ. ಅವರು ಅಳ್ತಾರೆ, ನಿಮಗೆ ಕೇಳಿಸ್ದಿದ್ರೂ ಗೊತ್ತಾಗುತ್ತೆ."

ಕೊನೆಯದನ್ನು ಹೇಳುವಾಗ ಅಮ್ಮನ ದನಿ ತಗ್ಗಿತು. "ರಿಸಲ್ಟಿನ ದಿನ ನಾನು ರಜೆ ಹಾಕ್ತೀನಿ. ಅವತ್ತು ಏನು ಅಡುಗೆ ಅಂತ ಇವತ್ತೇ ತೀರ್ಮಾನ. ಇಬ್ಬರೂ ಪಾಸಾದ್ರೂ ಅದೇ, ಒಬ್ಬರು ಪಾಸಾದ್ರೂ ಅದೇ, ಯಾರೂ ಆಗ್ದಿದ್ರೂ ಅದೇ. ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು. ಊಟ ಮುಗಿಯೋ ತನಕ ಯಾರೂ ಬಾಗಿಲು ದಾಟೋ ಹಾಗಿಲ್ಲ."

ಅಡುಗೆ ಏನೆಂಬ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ರೇಡಿಯೋ ಕೋಳಿ ಎಂದ. ಅಜ್ಜಿ, ತನ್ನ ಹಲ್ಲಿಗೆ ಆಗದು ಎಂದಳು. ಕಡೆಗೆ ತುಪ್ಪ ಹಾಕಿದ ಅನ್ನ, ಹುರಿದ ಆಲೂಗಡ್ಡೆ, ಕೋಳಿ, ಅಜ್ಜಿಗೆ ಮೆತ್ತಗೆ ಬೇಯಿಸಿದ ಮೊಟ್ಟೆ ಎಂದು ನಿಕ್ಕಿಯಾಯಿತು. ಹಾಗೆ ಅದು ಗೊತ್ತಾದ ಮೇಲೆ ಮನೆಯಲ್ಲಿ ಯಾಕೋ ಎಲ್ಲರಿಗೂ ಉಸಿರಾಡುವುದು ಸಲೀಸಾಯಿತು.

ಓದು ಶುರುವಾಯಿತು. ರೇಡಿಯೋಗೆ ಕಬ್ಬಿಣದ ಕಡಲೆ ಎಂದರೆ ಗಣಿತ. ಚಿನ್ನಿ ದಿನಾ ಸಂಜೆ ಅವನಿಗೆ ಲೆಕ್ಕ ಹೇಳಿಕೊಡುವುದೆಂದು ಆಯಿತು. ಅವನೋ ಕೂತಲ್ಲಿ ಕೂರುವವನಲ್ಲ. ಕೊನೆಗೆ ಅವನು ಪಾತ್ರೆ ತಿಕ್ಕುವಾಗ ಅವಳು ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳತೊಡಗಿದಳು. ಸೋಪಿನ ನೊರೆಯ ಕೈಯಿಂದ ಅವನು ಬಾಣಲೆಯ ಬೆನ್ನ ಮೇಲೆಯೇ ಸಮೀಕರಣ ಬರೆದು ಬಿಡಿಸುತ್ತಿದ್ದ. ಉತ್ತರ ತಪ್ಪಾದರೆ ಚಿನ್ನಿ ನಲ್ಲಿ ತಿರುಗಿಸಿ ಎಲ್ಲ ತೊಳೆದುಬಿಡುತ್ತಿದ್ದಳು.

"ಅಯ್ಯೋ, ಎಲ್ಲಿ ತಪ್ಪಾಯ್ತು ಅಂತಾದ್ರೂ ನೋಡೋಣ ಇರೇ!"

"ಎರಡನೇ ಸಾಲಲ್ಲೇ ತಪ್ಪಿದೆ. ಮತ್ತೆ ಬರಿ."

"ಈ ಬಾಣಲೆ ಇಷ್ಟು ಬೆಳ್ಳಗೆ ಯಾವತ್ತೂ ಇರ್ಲಿಲ್ಲ" ಎಂದು ಅಜ್ಜಿ ಒಳಗಿನಿಂದಲೇ ಸಂತೋಷಪಟ್ಟಳು.

ವಿಜ್ಞಾನಕ್ಕೆ ಒಂದು ವೇಳೆ, ಸಮಾಜಕ್ಕೆ ಒಂದು ವೇಳೆ ಎಂದು ಹಂಚಿಕೊಂಡರು. ಭಾಷೆಯ ಪೇಪರಿಗೆ ಮಾತ್ರ ಯಾರೂ ವೇಳೆ ಇಡಲಿಲ್ಲ. "ಅದಕ್ಕೇನು ಓದೋದು? ಮನೆ ಮಾತು" ಎಂದ ಅಪ್ಪ. "ಇವನ ಬಾಯಿಗೆ ನೂರಕ್ಕೆ ನೂರು ಕೊಡಬೇಕು" ಎಂದಳು ಅಜ್ಜಿ. ಹೋದ ವರ್ಷವೂ ಅದರಲ್ಲಿ ಅವನು ಹೇಗೋ ದಡ ಸೇರಿದ್ದ.

ಸಲೂನಿನಲ್ಲಿ ಅಪ್ಪನ ಪಾಡು ಹೇಳತೀರದು. ಯಾರಾದರೂ, "ಏನಪ್ಪಾ, ಈ ಸಲ ಇಬ್ಬರಂತೆ?" ಎಂದರೆ, "ಮೋಡ ಆಗಿದೆ, ಅಲ್ವಾ ಸಾರ್?" ಎನ್ನುತ್ತಿದ್ದ. ಹೊರಗೆ ಬಿಸಿಲು ಚುರುಗುಟ್ಟುತ್ತಿರುತ್ತಿತ್ತು. ಒಬ್ಬ ಹಳೆಯ ಗಿರಾಕಿಯಂತೂ ಅಮ್ಮ ದಾರಿಯಲ್ಲಿ ಸಿಕ್ಕಾಗ, "ನಿಮ್ಮ ಯಜಮಾನ್ರ ಕಣ್ಣು ಒಂದ್ಸಲ ತೋರಿಸಿ ತಾಯಿ" ಎಂದು ಹೇಳಿ ಹೋದ.

ಪೂರ್ವಸಿದ್ಧತಾ ಪರೀಕ್ಷೆ ಮುಗಿದ ವಾರದಲ್ಲಿ ಶಾಲೆಯಿಂದ ಫೋನು ಬಂತು. ಅಮ್ಮ, ರೇಡಿಯೋನ ವಿಷಯವೇ ಇರಬೇಕೆಂದು ಎದೆ ಗಟ್ಟಿ ಮಾಡಿಕೊಂಡು ಹೋದಳು. ಗಣಿತದ ಮೇಡಂ ಮುಂದಿಟ್ಟದ್ದು ಚಿನ್ನಿಯ ಉತ್ತರಪತ್ರಿಕೆಯನ್ನು.

"ನಿಮ್ಮ ಮಗ ಪರವಾಗಿಲ್ಲ, ಪಾಸಿನ ಹತ್ರ ಬಂದಿದಾನೆ. ಆದ್ರೆ ಮಗಳು ನೋಡಿ, ಅವನಿಗಿಂತ ಒಂದೇ ಒಂದು ಅಂಕ ಹೆಚ್ಚು. ಮನೇಲಿ ಏನಾದ್ರೂ ತೊಂದರೆ ಇದೆಯಾ?"

ಅಮ್ಮ ಪತ್ರಿಕೆ ತೆಗೆದುಕೊಂಡು ಮನೆಗೆ ಬಂದಳು. ಅಂದು ಬೆಳಗಿನ ಪಾಳಿ ಮುಗಿಸಿದ್ದಳು, ಕಾಲು ನೋಯುತ್ತಿತ್ತು. ಚಪ್ಪಲಿ ಬಿಡುತ್ತಲೇ ಕೇಳಿದಳು, "ಏನೇ ಇದು?"

ಚಿನ್ನಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಬರಲಿಲ್ಲ."

"ಬರಲಿಲ್ಲ ಅಂದ್ರೆ? ಅರ್ಧ ಪೇಪರು ಖಾಲಿ ಬಿಟ್ಟಿದೀಯ."

"ಬರಲಿಲ್ಲ ಅಮ್ಮ. ಮರ್ತುಹೋಯ್ತು."

"ಕಣ್ಣು ಬಿದ್ದಿದೆ ಮಗೀಗೆ" ಎಂದಳು ಅಜ್ಜಿ. "ನಿದ್ದೆ ಸಾಲ್ತಿಲ್ಲ" ಎಂದ, ಆಗಷ್ಟೇ ಕಾಫಿಗೆ ಬಂದಿದ್ದ ಅಪ್ಪ. ರೇಡಿಯೋ ಮಾತ್ರ ಪತ್ರಿಕೆ ಎಳೆದುಕೊಂಡು ಪುಟ ತಿರುಗಿಸುತ್ತ ಹೋದ. ಒಂದು ಕಡೆ ನಿಂತ.

"ಈ ಲೆಕ್ಕ ಬರಲಿಲ್ವಾ ನಿಂಗೆ?"

ಚಿನ್ನಿ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕೆಸೆದಳು.

"ಇದನ್ನ ಪರೀಕ್ಷೆ ಹಿಂದಿನ ಸಂಜೆ ನನಗೆ ಹೇಳಿಕೊಟ್ಟೋಳು ಯಾರು? ನಾನು ಬರ್ದಿದೀನಿ ಇದನ್ನ. ಪೂರ್ತಿ ಅಂಕ ಬಂದಿದೆ ನನಗೆ. ನಿಂಗೆ ಬರಲಿಲ್ವಾ?" ಅವನ ದನಿ ಏರಿತು. "ಅಮ್ಮಾ, ಇವಳು ಬೇಕೂಂತ ಬಿಟ್ಟಿದಾಳೆ."

"ಹೌದೇನೇ?" ಎಂದಳು ಅಮ್ಮ.

ಚಿನ್ನಿ ಅಕ್ಕಿಯ ಮೊರವನ್ನು ಪಕ್ಕಕ್ಕೆ ಇಟ್ಟಳು. ಅವಳ ಕಣ್ಣು ತುಂಬಿತ್ತು. ಮಾತು ಮಾತ್ರ ಸಿಟ್ಟಿನಿಂದಲೇ ಬಂತು. "ಹೌದು, ಬಿಟ್ಟೆ. ನಾನು ಜಾಸ್ತಿ ತಗೊಂಡು ಇವನು ಕಮ್ಮಿ ತಗೊಂಡ್ರೆ ಎಲ್ಲರೂ ಏನಂತಾರೆ? ತಂಗಿ ನೋಡಿ ಕಲಿಯೋ ಅಂತಾರೆ. ಆಮೇಲೆ ಇವನು ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗಿ ಕೂರ್ತಾನೆ. ನೀವ್ಯಾರೂ ನೋಡಿಲ್ಲ ಅವತ್ತು ಇವನನ್ನ. ನಾನು ನೋಡಿದೀನಿ."

ಅಪ್ಪ ಕೈಯಲ್ಲಿದ್ದ ನೀರಿನ ಲೋಟವನ್ನು ಕುಡಿಯದೆ ಕೆಳಗಿಟ್ಟ.

ರೇಡಿಯೋನ ಮುಖ ಕೆಂಪಾಗಿತ್ತು. "ನಿನ್ನ ಭಿಕ್ಷೆ ಯಾರಿಗೆ ಬೇಕೇ? ನಾನು ಕುಂಟ ಅಂತ ನೀನೂ ಕುಂಟ್ಕೊಂಡು ನಡೀತೀಯಾ? ಅದರಿಂದ ನನ್ನ ಕಾಲು ಸರಿ ಹೋಗುತ್ತಾ?"

"ನೀನು ನೊಂದ್ಕೊಬಾರ್ದು ಅಂತ..."

"ಈಗ ನೊಂದಿದೀನಿ! ಕೇಳಿಸ್ತಾ? ಫೇಲಾದಾಗ ಇಷ್ಟು ನೊಂದಿರ್ಲಿಲ್ಲ."

"ಲೋ, ಮೆಲ್ಲಗೆ" ಎಂದಳು ಅಜ್ಜಿ.

"ಇಲ್ಲ ಅಜ್ಜಿ, ಇವಳಿಗೆ ಬುದ್ಧಿ ಇಲ್ಲ. ಲೆಕ್ಕ ಬರುತ್ತೆ, ಬುದ್ಧಿ ಇಲ್ಲ." ಅವನು ಪತ್ರಿಕೆಯನ್ನು ತಂಗಿಯ ಮಡಿಲಿಗೆ ಹಾಕಿದ. "ನಾಳೆಯಿಂದ ನೀನು ನನಗೆ ಹೇಳಿಕೊಡಬೇಡ. ನೀನು ನಿನ್ನದು ಓದು."

ಆಗ ಅಮ್ಮ ಇಬ್ಬರ ನಡುವೆ ಕೂತಳು. ಕಾಲು ಚಾಚಿ, ಮೊಣಕಾಲು ತಾನೇ ಒತ್ತಿಕೊಳ್ಳುತ್ತ, ನಿಧಾನವಾಗಿ ಮಾತಾಡಿದಳು. "ಹೇಳಿಕೊಡೋದು ನಿಲ್ಲಿಸೋ ಹಾಗಿಲ್ಲ. ಪಾತ್ರೆ ತೊಳೆಯೋದೂ ನಿಲ್ಲಿಸೋ ಹಾಗಿಲ್ಲ. ಆದ್ರೆ ಚಿನ್ನಿ, ನಿನಗೆ ಬಂದಿದ್ದನ್ನ ಬರೀದೆ ಬಿಟ್ರೆ ನಾನು ನಿನ್ನ ಹತ್ರ ಮಾತಾಡಲ್ಲ. ಮತ್ತೆ ನೀನು ಕಣೋ, ನೀನು ಎಲ್ಲೂ ಓಡಿಹೋಗಲ್ಲ ಅಂತ ಇವಳಿಗೆ ಮಾತು ಕೊಡು. ಅದು ಸಿಕ್ಕಿದ್ರೆ ಇವಳು ನೆಮ್ಮದಿಯಾಗಿ ಬರೀತಾಳೆ."

ರೇಡಿಯೋ ಗೋಡೆ ನೋಡಿದ. ಆಮೇಲೆ ತಂಗಿಯನ್ನು ನೋಡಿದ. "ಹೋಗಲ್ಲ. ನನ್ನ ರಿಸಲ್ಟು ನಾನೇ ಓದ್ತೀನಿ, ಎಲ್ಲರ ಮುಂದೆ. ಜೋರಾಗಿ. ಏನೇ ಇರ್ಲಿ. ಆಯ್ತಾ?"

"ಆಯ್ತು."

"ನೀನು ನನಗಿಂತ ಕಮ್ಮಿ ತಗೊಂಡ್ರೆ ನೋಡು ಮತ್ತೆ. ಮೂಳೆ ಮುರೀತೀನಿ."

"ನಿನಗಿಂತ ಕಮ್ಮಿ ತಗೋಳೋದು ಅಷ್ಟು ಸುಲಭ ಅಲ್ಲ ಕಣೋ" ಎಂದಳು ಚಿನ್ನಿ, ಮೂಗು ಒರೆಸಿಕೊಳ್ಳುತ್ತ. ಮೊದಲು ನಕ್ಕವನು ರೇಡಿಯೋನೇ.

ಅಂದು ಸಂಜೆ ಅಪ್ಪ ಸಲೂನು ಮುಚ್ಚಿ ಬಂದು ಮಗನನ್ನು ಹಿತ್ತಲಿಗೆ ಕರೆದು, ಟವೆಲ್ ಹೊದಿಸಿ, ತಲೆಗೂದಲು ಕತ್ತರಿಸಿದ. ಹೋದ ವರ್ಷದ ರಿಸಲ್ಟಿನ ನಂತರ ಅವನ ತಲೆಯನ್ನು ಅಂಗಡಿಯ ಕೆಲಸದವನ ಕೈಗೆ ಬಿಟ್ಟಿದ್ದ. ಕಿವಿಯ ಹಿಂದೆ ಕತ್ತರಿ ಆಡಿಸುತ್ತ, "ಆ ಡಬ್ಬಿ ಸಿಹಿ ನಾನು ತರಬಾರದಿತ್ತು ಕಣೋ" ಎಂದ.

"ತಂದಿದ್ದು ಸರಿ ಅಪ್ಪ. ನಾನು ಪಾಸಾಗಬೇಕಿತ್ತು, ಅಷ್ಟೇ."

"ತಲೆ ಅಲ್ಲಾಡಿಸಬೇಡ, ಕಿವಿ ಹೋಗುತ್ತೆ."

ಪರೀಕ್ಷೆಯ ದಿನಗಳು ಒಂದರ ಹಿಂದೊಂದು ಉರುಳಿದವು. ಅಜ್ಜಿ ಬೆಳಗಾಗೆದ್ದು ಎರಡು ಹಾಲ್ ಟಿಕೆಟ್ಟನ್ನೂ ತಾನೇ ಎತ್ತಿಕೊಡುತ್ತಿದ್ದಳು. ಒಮ್ಮೆ ಅದಲು ಬದಲಾಗಿ, ರೇಡಿಯೋ ಬಸ್ಸು ಹತ್ತುವ ಮೊದಲು ತಂಗಿಯ ಫೋಟೋ ನೋಡಿ ಬೆಚ್ಚಿದ. ಗಣಿತದ ಪರೀಕ್ಷೆ ಮುಗಿಸಿ ಬಂದವನು, "ಬಾಣಲೆ ಲೆಕ್ಕ ಬಂದಿತ್ತು!" ಎಂದು ಬೀದಿಯ ಕೊನೆಯಿಂದಲೇ ಕೂಗುತ್ತ ಬಂದ. ಭಾಷೆಯ ಪೇಪರಿನ ದಿನ, "ಹೇಗಿತ್ತೋ?" ಎಂದರೆ, "ಅದ್ಭುತ! ಕೈ ನೋಯೋ ತನಕ ಬರ್ದಿದೀನಿ" ಎಂದ. ಯಾರೂ ಇನ್ನೊಂದು ಮಾತು ಕೇಳಲಿಲ್ಲ.

ಫಲಿತಾಂಶದ ದಿನ ಅಮ್ಮ ರಜೆ ಹಾಕಿದಳು. ಅಪ್ಪ ಸಲೂನಿನ ಬಾಗಿಲು ಅರ್ಧ ಎಳೆದು ಬಂದ. ಕೋಳಿ ಬೇಯುತ್ತಿತ್ತು. ಆಲೂಗಡ್ಡೆ ಹುರಿಯುವ ಕೆಲಸ ಅಪ್ಪನ ಪಾಲಿಗೆ ಬಂದಿತ್ತು. ಮೂರು ಸಲ ಉಪ್ಪು ಹಾಕಿದ. ಫಲಿತಾಂಶ ಬರುವ ಹೊತ್ತಾಗುತ್ತಿದ್ದಂತೆ ಅಜ್ಜಿ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಕೂತಳು.

"ಅಜ್ಜಿ, ನಾನು ಓಡಿಹೋಗಲ್ಲ."

"ನಾನು ಗಾಳಿಗೆ ಕೂತಿದೀನಿ. ನಿನ್ನನ್ನ ಯಾರು ಕೇಳಿದ್ರು?"

ಫೋನು ರೇಡಿಯೋನ ಕೈಯಲ್ಲಿತ್ತು. ಮೊದಲು ಚಿನ್ನಿಯ ನಂಬರು ಹೊಡೆದ. ತೆರೆ ನೋಡಿದವನೇ, "ಡಿಸ್ಟಿಂಕ್ಷನ್!" ಎಂದು ಕಿರುಚಿದ. "ಗಣಿತದಲ್ಲಿ ನೋಡು! ನೂರಕ್ಕೆ ಎರಡೇ ಕಮ್ಮಿ! ಆ ಎರಡು ಎಲ್ಲಿ ಬಿಟ್ಟೆ, ಗೂಬೆ?" ಎಂದು ತಂಗಿಯ ಜಡೆ ಹಿಡಿದು ಜಗ್ಗಿದ. ಅಪ್ಪ ಸೌಟು ಹಿಡಿದುಕೊಂಡೇ ಬಂದು ಮಗಳ ತಲೆ ಸವರಿದ, ಎಣ್ಣೆ ಅಂಟಿತು.

ಆಮೇಲೆ ತನ್ನ ನಂಬರು ಹೊಡೆದ. ಕೋಳಿಯ ಪಾತ್ರೆಯ ಮುಚ್ಚಳ ಮಾತ್ರ ಕುಣಿಯುತ್ತಿತ್ತು.

"ಗಣಿತ, ಪಾಸು" ಎಂದು ಜೋರಾಗಿ ಓದಿದ. ಅಮ್ಮ ಕಣ್ಣು ಮುಚ್ಚಿಕೊಂಡಳು. "ವಿಜ್ಞಾನ, ಪಾಸು. ಸಮಾಜ, ಪಾಸು. ಇಂಗ್ಲಿಷು, ಪಾಸು!" ಅವನು ತಡೆದ. ತೆರೆಯನ್ನು ಉಜ್ಜಿ ಮತ್ತೆ ನೋಡಿದ. ಮಾತು ಕೊಟ್ಟಿದ್ದವನು, ಗಂಟಲು ಸರಿಮಾಡಿಕೊಂಡು ಅಷ್ಟೇ ಜೋರಾಗಿ ಓದಿದ. "ಮಾತೃಭಾಷೆ... ಫೇಲು."

"ಯಾವುದು?" ಎಂದಳು ಅಜ್ಜಿ.

"ನಮ್ಮ ಭಾಷೆ ಅಜ್ಜಿ. ನಾವೀಗ ಮಾತಾಡ್ತಿರೋದು."

ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಸಿಟ್ಟಾಗಬೇಕೋ ಅಳಬೇಕೋ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಚಿನ್ನಿ ಮೆಲ್ಲಗೆ ಕೇಳಿದಳು, "ಅಣ್ಣಾ, ಕೈ ನೋಯೋ ತನಕ ಬರ್ದೆ ಅಂದೆ. ಏನು ಬರ್ದೆ?"

"ಶಾಲಾ ಪ್ರವಾಸದ ಬಗ್ಗೆ ತಂದೆಗೆ ಪತ್ರ ಬರೀರಿ ಅಂತಿತ್ತು. ಬರ್ದೆ."

"ಎಷ್ಟು ಬರ್ದೆ?"

"ಏಳು ಪುಟ. ಆಮೇಲೆ ನೋಡ್ತೀನಿ, ಬೆಲ್ ಹೊಡೀತು. ವ್ಯಾಕರಣ, ಪದ್ಯ, ಎಲ್ಲ ಹಾಗೇ ಉಳೀತು."

ಅಪ್ಪ ಬೆರಗಾಗಿ ನಿಂತ. "ನೀನು ಪ್ರವಾಸಕ್ಕೇ ಹೋಗಿಲ್ವಲ್ಲೋ!"

"ಅದಕ್ಕೇ ಅಪ್ಪಾ ಅಷ್ಟು ಬರೀಬೇಕಾಗಿದ್ದು! ಹೋಗಿದ್ರೆ ಒಂದು ಪುಟದಲ್ಲಿ ಮುಗೀತಿತ್ತು."

ಮೊದಲು ಅಮ್ಮನ ಭುಜ ಕುಲುಕಿತು. ಅಳುತ್ತಿದ್ದಾಳೆಂದು ಅಪ್ಪ ಹತ್ತಿರ ಹೋದರೆ, ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಚಿನ್ನಿ ನಕ್ಕಳು. ಅಜ್ಜಿ ಸ್ಟೂಲಿನ ಮೇಲೆ ಅಲ್ಲಾಡಿಹೋದಳು. "ಬಾಯಿದ್ದೋನು ಬರದಲ್ಲೂ ಬದುಕಿದ ಅಂತಾರೆ. ನಮ್ಮ ಮನೇಲಿ ಬಾಯಿದ್ದೋನೇ ಮುಳುಗಿದ!" ರೇಡಿಯೋ ಎಲ್ಲರ ಮುಖ ನೋಡಿದ. ಅವನಿಗೂ ನಗು ತಡೆಯಲಾಗಲಿಲ್ಲ.

"ಒಂದೇ ವಿಷಯ ತಾನೇ? ಪೂರಕ ಪರೀಕ್ಷೆ ಬೇಗ ಬರುತ್ತೆ" ಎಂದಳು ಅಮ್ಮ, ಕಣ್ಣೊರೆಸಿಕೊಂಡು. "ತಟ್ಟೆ ಹಾಕಿ. ಹೇಳಿದ್ನಲ್ಲ, ಏನಾದ್ರೂ ಅದೇ ಊಟ."

ಊಟ ಅರ್ಧಕ್ಕೆ ಬಂದಿದ್ದಾಗ ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿ, ಏನಾಯಿತೆಂದು ಕೇಳಿದಳು. ಅಪ್ಪ ಅಭ್ಯಾಸಬಲದಿಂದ, "ಮೋಡ ಆಗಿದೆ..." ಎಂದು ಶುರುಮಾಡಿದ. ರೇಡಿಯೋ ತಡೆದ. "ತಂಗಿ ಡಿಸ್ಟಿಂಕ್ಷನ್ ಆಂಟಿ. ನನಗೆ ಒಂದು ವಿಷಯ ಉಳೀತು. ಒಳಗೆ ಬನ್ನಿ, ಕೋಳಿ ಇದೆ. ಆಲೂಗಡ್ಡೆ ಮಾತ್ರ ಮುಟ್ಟಬೇಡಿ, ಉಪ್ಪು."

ಮರುದಿನದಿಂದ ಪಾಠ ಹೇಳುವ ಸರದಿ ಅಜ್ಜಿಯದು. "ಹಿತ್ತಲ ಗಿಡ ಮದ್ದಲ್ಲ ಅಂತ ಬಿಟ್ಟಿದ್ದೇ ತಪ್ಪಾಯ್ತು" ಎಂದು ಅವಳು ಕನ್ನಡಕ ಏರಿಸಿಕೊಂಡು ಕೂತಳು. ಅವಳ ಕ್ರಮ ಒಂದೇ. ಏನೇ ಕೇಳಿದರೂ ಎರಡು ವಾಕ್ಯದಲ್ಲಿ ಉತ್ತರ ಹೇಳಬೇಕು. ಮೂರನೆಯದು ಶುರುವಾದರೆ ಬೆರಳು ಎತ್ತುವಳು. ರೇಡಿಯೋಗೆ ಇದು ಉಪವಾಸಕ್ಕಿಂತ ಕಷ್ಟವಾಯಿತು. "ಅಜ್ಜಿ, ಇದರಲ್ಲಿ ಇನ್ನೊಂದು ಸ್ವಾರಸ್ಯ ಇದೆ..." ಎನ್ನುವನು. ಬೆರಳು ಏಳುವುದು. ಧಾರಾವಾಹಿಯ ಕಥೆಯನ್ನೂ ಅವಳು ಅವನಿಂದ ಎರಡೇ ವಾಕ್ಯದಲ್ಲಿ ಹೇಳಿಸಿದಳು. "ಅತ್ತೆ ಕೆಟ್ಟೋಳು. ಸೊಸೆ ಅಳ್ತಾಳೆ" ಎಂದ. "ಶಹಬ್ಬಾಸ್" ಎಂದು ಅಮ್ಮ ಅಡುಗೆಮನೆಯಿಂದ ಕೂಗಿದಳು.

ಪೂರಕ ಪರೀಕ್ಷೆಯ ದಿನ ಮಧ್ಯಾಹ್ನ ಅವನು ಬರುವ ಹೊತ್ತಿಗೆ ಎಲ್ಲರೂ ಜಗುಲಿಯಲ್ಲಿದ್ದರು. ಗೇಟು ತೆಗೆದು ಒಳಗೆ ಬಂದ, ಚಪ್ಪಲಿ ಬಿಟ್ಟ, ನೀರು ಕುಡಿದ.

"ಹೇಗಿತ್ತೋ?" ಎಂದ ಅಪ್ಪ.

"ಪೂರ್ತಿ ಬರ್ದೆ" ಎಂದ ರೇಡಿಯೋ. ಅಷ್ಟೇ.

ಎಲ್ಲರೂ ಕಾದರು. ಮುಂದಿನ ಮಾತು ಬರಲಿಲ್ಲ. ಅಜ್ಜಿ ಗಾಬರಿಯಿಂದ ಎದ್ದುಬಂದು ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ಲೋ?"

"ಇಲ್ಲ ಅಜ್ಜಿ. ಎಲ್ಲಾ ಪ್ರಶ್ನೆಗೂ ಬರ್ದು, ಇನ್ನೂ ಹೊತ್ತು ಮಿಕ್ಕಿತ್ತು. ಪತ್ರ ಒಂದೇ ಪುಟ." ಅವನು ಅವಳ ಬೆರಳಿನತ್ತ ನೋಡಿದ. "ಈಗ ಮಾತಾಡಬಹುದಾ?"

"ಆಡಪ್ಪಾ ತಂದೆ" ಎಂದಳು ಅಜ್ಜಿ. "ನೀನು ಸುಮ್ಮನಿದ್ರೆ ಮನೆ ಬಿಕೋ ಅನ್ನುತ್ತೆ."

ಚಿನ್ನಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ರೇಡಿಯೋ ಕೂತು, ಕಾಲು ಮಡಿಸಿಕೊಂಡು, ಬಸ್ಸು ಹತ್ತಿದಲ್ಲಿಂದ ಶುರುಮಾಡಿದ. ಅವನು ಪರೀಕ್ಷೆಯ ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಅಮ್ಮನ ಪಾಳಿಯ ಹೊತ್ತಾಗಿಹೋಗಿತ್ತು. "ಮಿಕ್ಕಿದ್ದು ನಡ್ಕೊಂಡು ಹೇಳು ಬಾ" ಎಂದು ಅವಳು ಚೀಲ ಹೆಗಲಿಗೇರಿಸಿದಳು. ಅವನು ಎದ್ದು, ಮಾತು ತುಂಡಾಗದಂತೆ, ಅಮ್ಮನ ಜೊತೆ ಬೀದಿಗಿಳಿದ.